ಹದಿನೆಂಟರ ಹರೆಯದಲ್ಲಿ ಮೈಲಾರ ಮಹಾದೇವಪ್ಪ

 

ನಾನು ಹಲಗೇರಿಯವಳು. ದ್ವಿತೀಯ ಪಿಯುಸಿ ಕಲಾ ವಿಭಾಗದ ವಿದ್ಯಾರ್ಥಿನಿ. ನಮ್ಮ ವಯಸ್ಸಿನ ಬಗ್ಗೆ ದೊಡ್ಡವರು ಎರಡು ಮಾತು ಹೇಳುತ್ತಾರೆ. ಒಂದು, ಇದು ಬಂಗಾರದಂಥ ವಯಸ್ಸು. ಇನ್ನೊಂದು, ಇದು ಕೆಟ್ಟ ವಯಸ್ಸು. ಮನೆಯಲ್ಲಿ ಕೆಲಸ ಮಾಡಬೇಕಾದಾಗ ನಾವು ದೊಡ್ಡವರು, ಏನಾದರೂ ನಿರ್ಧಾರ ಮಾಡಬೇಕಾದಾಗ ಚಿಕ್ಕವರು. ಸಾಯನ್ಸ್ ತಗೋ ಅನ್ನುವವರು ಒಬ್ಬರು, ಇನ್ನು ಸಾಕು ದುಡಿಮೆಗೆ ಹೋಗು ಅನ್ನುವವರು ಒಬ್ಬರು, ಹುಡುಗಿಯರಿಗೆ ಮದುವೆಯ ಮಾತು ಬೇರೆ. ಒಳಗೆ ಸಿಟ್ಟು, ನಾಚಿಕೆ, ಆಸೆ ಎಲ್ಲ ಒಟ್ಟಿಗೇ ಕುದಿಯುತ್ತಿರುತ್ತವೆ. ಯಾರಿಗೆ ಹೇಳಬೇಕು ತಿಳಿಯುವುದಿಲ್ಲ.

ಈ ವಿಷಯದ ಮೇಲೆ ಬರೆಯಬೇಕೆಂದಾಗ ಉಪದೇಶ ಬರೆಯಲು ನನಗೆ ಮನಸ್ಸಾಗಲಿಲ್ಲ. ಉಪದೇಶ ನಮಗೆ ಬೇಕಾದಷ್ಟು ಸಿಗುತ್ತದೆ. ಅದರ ಬದಲು ನಮ್ಮ ಪಕ್ಕದ ಊರಿನಲ್ಲೇ ಹುಟ್ಟಿ, ನಮ್ಮದೇ ವಯಸ್ಸಿನಲ್ಲಿ ತನ್ನ ದಾರಿ ಹುಡುಕಿಕೊಂಡ ಒಬ್ಬರ ಜೀವನವನ್ನು ಹೇಳುತ್ತೇನೆ. ಅವರು ಹುತಾತ್ಮ ಮೈಲಾರ ಮಹಾದೇವಪ್ಪನವರು. ಅವರ ಹೆಸರು ನಮಗೆಲ್ಲ ಗೊತ್ತು. ಹಾವೇರಿ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ. ಹಾವೇರಿಯಲ್ಲಿ ಅವರ ಸ್ಮಾರಕವಿದೆ. 2018ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಅಂಚೆ ಚೀಟಿ ಹೊರತಂದಿತು. ಆದರೆ ಸ್ಮಾರಕ ನೋಡಿದಾಗ ನಮಗೆ ಕಾಣುವುದು ಹುತಾತ್ಮರು. ಅದಕ್ಕೂ ಮೊದಲು ಅಲ್ಲೊಬ್ಬ ಹುಡುಗ ಇದ್ದ ಎಂಬುದು ಮರೆತುಹೋಗುತ್ತದೆ.

ರಾಣೇಬೆನ್ನೂರಿನಿಂದ ಹಾವೇರಿಗೆ ಹೆದ್ದಾರಿಯಲ್ಲಿ ಹೋಗುವಾಗ ಮೋಟೆಬೆನ್ನೂರು ಸಿಗುತ್ತದೆ. ಬ್ಯಾಡಗಿ ತಾಲ್ಲೂಕಿನ ಈ ಊರಲ್ಲಿ 1911ರಲ್ಲಿ ಮಹಾದೇವಪ್ಪನವರು ಹುಟ್ಟಿದರು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಆಗ ಹಾವೇರಿ ಜಿಲ್ಲೆ ಇರಲಿಲ್ಲ, ಅದು ಆದದ್ದು 1997ರಲ್ಲಿ. ನಮ್ಮ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದವು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ತುಂಗಭದ್ರೆಯ ಆಚೆ ಹರಿಹರ, ದಾವಣಗೆರೆ ಮೈಸೂರು ಸಂಸ್ಥಾನ. ಅಲ್ಲಿ ಮಹಾರಾಜರ ಆಳ್ವಿಕೆ, ಇಲ್ಲಿ ನೇರವಾಗಿ ಬ್ರಿಟಿಷರದು. ರೈತ ತನ್ನ ಹೊಲದ ಕಂದಾಯವನ್ನು ನೇರವಾಗಿ ಸರ್ಕಾರಕ್ಕೆ ಕಟ್ಟಬೇಕಿತ್ತು. ಮಳೆ ಬಂದರೂ ಕಂದಾಯ, ಬರದಿದ್ದರೂ ಕಂದಾಯ. ಮಹಾದೇವಪ್ಪನವರ ಬದುಕಿನ ಕೊನೆಯ ದಿನಕ್ಕೂ ಈ ಕಂದಾಯಕ್ಕೂ ಸಂಬಂಧವಿದೆ. ಅದನ್ನು ಮುಂದೆ ಹೇಳುತ್ತೇನೆ.

ಅವರಿಗೆ ಹದಿಮೂರು ವರ್ಷವಾಗಿದ್ದಾಗ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಅದರ ನಂತರ ನಮ್ಮ ಭಾಗದ ಊರೂರಲ್ಲೂ ಖಾದಿ, ಚರಕ, ಪ್ರಭಾತಫೇರಿಯ ಗಾಳಿ ಬೀಸಿತು. ಇಂಥ ಗಾಳಿ ಮೊದಲು ತಾಗುವುದು ಹದಿಹರೆಯದವರಿಗೇ. ಇವತ್ತು ನಮ್ಮ ಕೈಗೆ ಮೊಬೈಲ್ ಬಂದ ಹಾಗೆ ಅವತ್ತಿನ ಹುಡುಗರ ಕೈಗೆ ತಕಲಿ ಬಂದಿತ್ತು. ಎರಡಕ್ಕೂ ವ್ಯತ್ಯಾಸ ಬಹಳ ಇದೆ, ಆದರೆ ಹೊಸದೊಂದು ಬಂದಾಗ ಮನೆಯವರಿಗೆ ಆಗುವ ಚಿಂತೆ ಒಂದೇ. ಓದುವ ಹುಡುಗ ಓದು ಬಿಟ್ಟು ಚಳವಳಿಗೆ ಹೋದರೆ ಪೊಲೀಸರು ಮನೆ ಬಾಗಿಲಿಗೆ ಬರುವ ಕಾಲ ಅದು. ಶಾಲೆಗೆ ಹೋಗುವಾಗಲೇ ಮಹಾದೇವಪ್ಪನವರು ಈ ಸೆಳೆತಕ್ಕೆ ಸಿಕ್ಕರು. ಖಾದಿ ತೊಟ್ಟರು, ಖಾದಿಯ ಕೆಲಸಕ್ಕೆ ಇಳಿದರು.

ಆಗಿನ ರೂಢಿಯಂತೆ ಅವರಿಗೆ ಎಳೆಯ ವಯಸ್ಸಿನಲ್ಲೇ ಮದುವೆಯಾಯಿತು. ಹೆಂಡತಿಯ ಹೆಸರು ಸಿದ್ಧಮ್ಮ. ಮದುವೆಗೆ ಹುಡುಗಿಗೆ ಕನಿಷ್ಠ 14, ಹುಡುಗನಿಗೆ 18 ಆಗಿರಬೇಕೆಂಬ ಶಾರದಾ ಕಾಯ್ದೆ ಜಾರಿಗೆ ಬಂದದ್ದೇ 1930ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ಮಕ್ಕಳ ಮದುವೆಗೆ ಅಡ್ಡಿಯಿರಲಿಲ್ಲ. ಅಂದರೆ ನಾವು ಇಂದು ಕಾಲೇಜಿನ ಬೆಂಚಿನ ಮೇಲೆ ಕೂತಿರುವ ವಯಸ್ಸಿಗೆ ಆ ಇಬ್ಬರೂ ಸಂಸಾರದ ಹೊಣೆ ಹೊತ್ತಿದ್ದರು. ಮನೆ, ಮದುವೆ, ಊರು, ಹೊಲ ಇಷ್ಟು ಕಟ್ಟುಗಳಿದ್ದ ಹುಡುಗ ಗುಜರಾತಿನ ಸಾಬರಮತಿ ಆಶ್ರಮಕ್ಕೆ ಹೋದದ್ದು ಸಣ್ಣ ಮಾತಲ್ಲ. ಭಾಷೆ ಬೇರೆ, ಊಟ ಬೇರೆ. ಜೋಳದ ರೊಟ್ಟಿ, ಬ್ಯಾಡಗಿ ಮೆಣಸಿನಕಾಯಿಯ ಖಾರ ತಿಂದು ಬೆಳೆದ ನಾಲಿಗೆಗೆ ಆಶ್ರಮದ ಊಟ ಹೇಗಿದ್ದೀತು ಎಂದು ನಾನು ಯೋಚಿಸಿದ್ದುಂಟು. ಯಾಕೆಂದರೆ ಅಲ್ಲಿ ನಾಲಿಗೆಯ ರುಚಿಯನ್ನು ಗೆಲ್ಲುವುದೂ ಒಂದು ವ್ರತವೇ ಆಗಿತ್ತು.

ಸಾಬರಮತಿ ಆಶ್ರಮದ ದಿನಚರಿ ನಮ್ಮ ಹಾಸ್ಟೆಲುಗಳಿಗಿಂತ ಬಹಳ ಕಠಿಣ. ಬೆಳಗಿನ ಜಾವ ಸೂರ್ಯ ಹುಟ್ಟುವುದಕ್ಕಿಂತ ಬಹಳ ಮೊದಲೇ ಪ್ರಾರ್ಥನೆ. ಆಮೇಲೆ ಕಸ ಗುಡಿಸುವುದು, ನೀರು ತರುವುದು, ಅಡುಗೆ, ನೂಲುವುದು, ನೇಯುವುದು. ಪಾಯಿಖಾನೆಯನ್ನೂ ಅಲ್ಲಿದ್ದವರೇ ಸ್ವಚ್ಛ ಮಾಡಬೇಕು. ಯಾವ ಜಾತಿಯವನಾದರೂ ಅದಕ್ಕೆ ಹಿಂಜರಿಯುವಂತಿಲ್ಲ. ಹರೆಯದ ಹುಡುಗನೊಬ್ಬ ದೇಶಕ್ಕಾಗಿ ಏನೋ ದೊಡ್ಡದು ಮಾಡಬೇಕೆಂದು ಅಷ್ಟು ದೂರ ಹೋದರೆ ಕೈಗೆ ಸಿಗುವುದು ಮೊದಲು ಕಸಬರಿಗೆ. ಈ ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ನಮ್ಮ ವಯಸ್ಸಿನಲ್ಲಿ ದೊಡ್ಡ ಕೆಲಸದ ಆಸೆ ಎಲ್ಲರಿಗೂ ಇರುತ್ತದೆ. ದಿನಾ ಮಾಡುವ ಸಣ್ಣ ಕೆಲಸದ ಬೇಸರವೂ ಅಷ್ಟೇ ಇರುತ್ತದೆ. ಆಶ್ರಮ ಈ ಬೇಸರವನ್ನೇ ಮೊದಲು ಕಳೆಯಿತು.

1930ರ ಮಾರ್ಚ್ 12ರ ಬೆಳಗ್ಗೆ ಗಾಂಧೀಜಿ ಆಶ್ರಮದಿಂದ ದಂಡಿಗೆ ಹೊರಟರು. ಉಪ್ಪು ತಯಾರಿಸುವ, ಮಾರುವ ಹಕ್ಕನ್ನು 1882ರ ಕಾಯ್ದೆ ಸರ್ಕಾರದ ಕೈಗೆ ಕೊಟ್ಟಿತ್ತು. ಸಮುದ್ರದ ದಂಡೆಯಲ್ಲಿ ತಾನೇ ಒಣಗಿದ ಉಪ್ಪನ್ನು ಬಡವನೊಬ್ಬ ಎತ್ತಿಕೊಂಡರೂ ಅದು ಅಪರಾಧ. ಉಣ್ಣುವವರೆಲ್ಲ ಆ ತೆರಿಗೆ ಕೊಡಬೇಕು. ಆದ್ದರಿಂದ ಆ ಕಾಯ್ದೆಯನ್ನೇ ಮುರಿಯಲು ಗಾಂಧೀಜಿ ಹೊರಟರು. ಅವರೊಂದಿಗೆ ಹೊರಡಲು ಆಯ್ಕೆಯಾದವರ ಪಟ್ಟಿಯಲ್ಲಿ 78 ಹೆಸರುಗಳು. ಬಹಳ ಮಂದಿ ಗುಜರಾತಿನವರು, ಮಹಾರಾಷ್ಟ್ರದವರು. ಕರ್ನಾಟಕದಿಂದ ಒಬ್ಬರೇ ಒಬ್ಬರು. ಪಟ್ಟಿಯಲ್ಲಿ ಅವರ ಹೆಸರು ಮಹಾದೇವ ಮಾರ್ತಾಂಡ, ವಯಸ್ಸು 18. ಗುಜರಾತಿನ ಪದ್ಧತಿಯಂತೆ ತಂದೆಯ ಹೆಸರು ಹಚ್ಚಿ ಬರೆದ ಆ ಹೆಸರೇ ನಮ್ಮ ಮೋಟೆಬೆನ್ನೂರಿನ ಮಹಾದೇವಪ್ಪ.

ಗಾಂಧೀಜಿಗೆ ಆಗ 60 ದಾಟಿತ್ತು. ಹದಿನಾರು ವರ್ಷದ ವಿಠ್ಠಲ ಲೀಲಾಧರ ಠಕ್ಕರ್ ಎಂಬ ಹುಡುಗನೂ ಆ ಗುಂಪಿನಲ್ಲಿದ್ದ. 24 ದಿನ, ಸುಮಾರು 385 ಕಿಲೋಮೀಟರ್ ನಡಿಗೆ. ಬೆಳಗ್ಗೆ ಒಂದು ಹಂತ, ಸಂಜೆ ಒಂದು ಹಂತ. ಸೋಮವಾರ ವಿಶ್ರಾಂತಿ. ಮಾರ್ಚ್, ಏಪ್ರಿಲ್ ತಿಂಗಳ ಗುಜರಾತಿನ ಬಿಸಿಲು. ಮಹಿ ನದಿಯನ್ನು ರಾತ್ರಿಯಲ್ಲಿ ಮೊಣಕಾಲುದ್ದದ ಕೆಸರು ತುಳಿದು ದಾಟಬೇಕಾಯಿತು. ಇಷ್ಟು ನಡೆದು ಬಂದ ಮೇಲೂ ಪ್ರತಿಯೊಬ್ಬನಿಗೆ ಮೂರು ನೇಮ ತಪ್ಪಬಾರದು: ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು. ಕಾಲು ನೋಯುತ್ತದೆ ಎಂದು ಬಿಡುವಂತಿಲ್ಲ. ನಮ್ಮಲ್ಲಿ ಐದು ಹೊತ್ತಿನ ನಮಾಜು ತಪ್ಪದೆ ಮಾಡುವವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಮನಸ್ಸು ಬಂದಾಗ ಮಾಡುವುದು ಸುಲಭ, ಹೊತ್ತಿಗೆ ಸರಿಯಾಗಿ ಮಾಡುವುದು ಕಷ್ಟ. ಆದರೆ ಮನಸ್ಸನ್ನು ಹಿಡಿಯುವುದು ಆ ಹೊತ್ತೇ.

ದಾರಿಯಲ್ಲಿ ನಡೆದ ಒಂದು ಪ್ರಸಂಗ ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಮಾರ್ಚ್ 29ರಂದು ಸೂರತ್ ಹತ್ತಿರದ ಭಟಗಾಂವ್ ಎಂಬ ಹಳ್ಳಿಯಲ್ಲಿ ಗಾಂಧೀಜಿ ತಮ್ಮ ಗುಂಪನ್ನೇ ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ತಮ್ಮನ್ನೂ ಬಿಡಲಿಲ್ಲ. ಸತ್ಯಾಗ್ರಹಿಗಳಿಗಾಗಿ ಸೂರತ್ತಿನಿಂದ ಮೋಟಾರಿನಲ್ಲಿ ಹಾಲು ತರಿಸಲಾಗುತ್ತಿತ್ತು. ರಾತ್ರಿ ಬೆಳಕಿಗೆಂದು ದೊಡ್ಡ ದೊಡ್ಡ ಸೀಮೆಎಣ್ಣೆ ದೀಪಗಳನ್ನು ಕೂಲಿಯವರ ತಲೆಯ ಮೇಲೆ ಹೊರಿಸಲಾಗಿತ್ತು. ಬಡವರ ಪರವಾಗಿ ನಡೆಯುವವರು ಬಡವರ ತಲೆಯ ಮೇಲೆಯೇ ಭಾರ ಹೊರಿಸಿದರೆ ಈ ನಡಿಗೆಗೆ ಏನು ಬೆಲೆ ಎಂಬುದು ಅವರ ಸಂಕಟ. ಹದಿನೆಂಟರ ಹುಡುಗನ ಮುಂದೆ ಅವನು ದೊಡ್ಡವರೆಂದು ನಂಬಿದವರು ಹೀಗೆ ತಮ್ಮ ತಪ್ಪನ್ನು ತಾವೇ ಹೇಳಿಕೊಂಡರು. ನಮ್ಮ ವಯಸ್ಸಿನವರು ದೊಡ್ಡವರಲ್ಲಿ ಹುಡುಕುವುದು ಇದನ್ನೇ ಎಂದು ನನಗೆ ಅನ್ನಿಸುತ್ತದೆ. ತಪ್ಪೇ ಮಾಡದ ದೊಡ್ಡವರು ಎಲ್ಲೂ ಸಿಗುವುದಿಲ್ಲ. ತಪ್ಪನ್ನು ಒಪ್ಪಿಕೊಳ್ಳುವವರು ಸಿಕ್ಕರೆ ಅವರ ಮಾತು ಕೇಳಲು ನಮಗೆ ಕಷ್ಟವಾಗುವುದಿಲ್ಲ.

ಆ ಸಾಲಿನಲ್ಲಿ ಮಹಾದೇವಪ್ಪನವರ ಜೊತೆಗೆ ಯಾರು ಯಾರಿದ್ದರು ಎಂಬುದನ್ನೂ ನೋಡಬೇಕು. ಅಬ್ಬಾಸ್ ವರ್ತೇಜಿ ಎಂಬ ಗುಜರಾತಿನ ಮುಸ್ಲಿಂ ಯುವಕ ಇದ್ದರು. ಕೇರಳದ ಕ್ರೈಸ್ತರಾದ ಟೈಟಸ್ ಇದ್ದರು. ಆ ಸಾಲಿನಲ್ಲಿ ನಡೆಯದಿದ್ದರೂ, ಇಮಾಮ್ ಸಾಹೇಬರೆಂದೇ ಎಲ್ಲರೂ ಕರೆಯುತ್ತಿದ್ದ ಅಬ್ದುಲ್ ಕಾದಿರ್ ಬಾವಜೀರ್ ಆಶ್ರಮದಲ್ಲಿದ್ದರು. ದಕ್ಷಿಣ ಆಫ್ರಿಕಾದಿಂದಲೂ ಗಾಂಧೀಜಿಯ ಜೊತೆಗಿದ್ದವರು, ಅಲ್ಲಿನ ಮಸೀದಿಯಲ್ಲಿ ಇಮಾಮರಾಗಿದ್ದವರು. ಸಾಬರಮತಿಯಲ್ಲಿ ಅವರಿದ್ದ ಮನೆಗೆ ಇಂದಿಗೂ ಇಮಾಮ್ ಮಂಜಿಲ್ ಎಂದೇ ಹೆಸರು. ಗಾಂಧೀಜಿ ಬಂಧನವಾದರೆ ಮುಂದಾಳತ್ವ ವಹಿಸಬೇಕಾದವರು 76 ವರ್ಷದ ಅಬ್ಬಾಸ್ ತಯ್ಯಬ್‌ಜಿ, ಬರೋಡಾ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ಹಾಗೆಯೇ ಆಯಿತು. ಗಾಂಧೀಜಿಯ ಬಂಧನದ ನಂತರ ಮುಂದಾಳಾಗಿ ಹೊರಟ ತಯ್ಯಬ್‌ಜಿಯವರನ್ನೂ ಬಂಧಿಸಿದರು. ಮೇ 21ರಂದು ಧರಾಸಣದ ಉಪ್ಪಿನ ಕೋಠಿಯ ಮುಂದೆ ಸರೋಜಿನಿ ನಾಯ್ಡು ಅವರ ಜೊತೆ ಇಮಾಮ್ ಸಾಹೇಬರೂ ನಿಂತಿದ್ದರು. ಮೋಟೆಬೆನ್ನೂರಿನಂಥ ಹಳ್ಳಿಯ ಹುಡುಗ ತನ್ನ ಹರೆಯದಲ್ಲಿ ಇಂಥ ಜನರ ಮಧ್ಯೆ ಬೆಳೆದ. ಯಾವ ಸಂಗ ಮಾಡುತ್ತೀ ಎಂದು ಅಮ್ಮಿ, ಅಬ್ಬಾ ಯಾಕೆ ಅಷ್ಟು ಕೇಳುತ್ತಾರೆ ಎಂಬುದು ಇದನ್ನು ಓದಿದಾಗ ನನಗೆ ತಿಳಿಯಿತು.

ಏಪ್ರಿಲ್ 6ರಂದು ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದರು. ಮೇ 4ರ ನಡುರಾತ್ರಿ ಅವರ ಬಂಧನವಾಯಿತು. ದೇಶದ ತುಂಬ ಸಾವಿರಾರು ಜನ ಜೈಲು ಸೇರಿದರು, ಮಹಾದೇವಪ್ಪನವರೂ ಜೈಲು ಕಂಡರು. ಸಿದ್ಧಮ್ಮನವರ ಬಗ್ಗೆ ನಮ್ಮ ಪುಸ್ತಕಗಳು ಬಹಳ ಕಡಿಮೆ ಹೇಳುತ್ತವೆ. ಅವರೂ ಗಂಡನಂತೆ ಸಾಬರಮತಿ ಆಶ್ರಮ ಸೇರಿದರು, ಚಳವಳಿಯಲ್ಲಿ ಭಾಗವಹಿಸಿದರು, ಸೆರೆಮನೆಗೆ ಹೋದರು. ನಮ್ಮ ಕಡೆಯ ಹಳ್ಳಿಯ ಸೊಸೆಯೊಬ್ಬಳು ಆ ಕಾಲದಲ್ಲಿ ಹೊಸ್ತಿಲು ದಾಟಿ, ಭಾಷೆ ತಿಳಿಯದ ಊರಿಗೆ ಹೋಗಿ, ಜೈಲಿನ ಊಟ ಉಂಡು ಬಂದಳೆಂದರೆ ಅದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು! ಇಷ್ಟು ಓದಿ ಏನು ಮಾಡುತ್ತೀಯೆಂಬ ಮಾತನ್ನು ಇಂದಿಗೂ ಕೇಳುವ ನಮ್ಮ ಹುಡುಗಿಯರು ಸಿದ್ಧಮ್ಮನವರ ಹೆಸರನ್ನು ಮಹಾದೇವಪ್ಪನವರ ಹೆಸರಿನ ಜೊತೆಗೇ ನೆನಪಿಡಬೇಕು.

ದಂಡಿಯಿಂದ ಬಂದವರೆಂದರೆ ಆಗ ದೊಡ್ಡ ಹೆಸರು. ಮಹಾದೇವಪ್ಪನವರು ಆ ಹೆಸರನ್ನು ಹೊತ್ತು ಧಾರವಾಡದಲ್ಲೋ ಮುಂಬಯಿಯಲ್ಲೋ ಭಾಷಣ ಮಾಡುತ್ತ ಇರಬಹುದಿತ್ತು. ಅವರು ನಮ್ಮ ಭಾಗದ ಹಳ್ಳಿಗಳಿಗೇ ಮರಳಿದರು. ಹಾವೇರಿ ಬಳಿಯ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. ಖಾದಿ, ಊರಿನ ಸ್ವಚ್ಛತೆ, ಅಸ್ಪೃಶ್ಯತೆಯ ನಿವಾರಣೆ, ಇವೇ ಕೆಲಸ. ಹದಿನೆಂಟರಲ್ಲಿ ಸಾಬರಮತಿಯಲ್ಲಿ ಹಿಡಿದ ಕಸಬರಿಗೆಯನ್ನು ಅವರು ಮತ್ತೆ ತಮ್ಮ ಜನರ ನಡುವೆ ಹಿಡಿದರು. ಪತ್ರಿಕೆಯಲ್ಲಿ ಬರುವಂಥ ಕೆಲಸ ಇದಲ್ಲ. ದಂಡಿಯ 24 ದಿನಗಳಿಗಿಂತ ಈ ವರ್ಷಗಳೇ ಅವರ ಪಾಲಿಗೆ ಹೆಚ್ಚು ಕಷ್ಟದ್ದಾಗಿರಬೇಕು ಎಂದು ನಾನು ತಿಳಿಯುತ್ತೇನೆ. ದಂಡಿಯ ದಾರಿಯಲ್ಲಿ ಎರಡೂ ಬದಿಗೆ ಜನ ನಿಂತು ಹೂ ಹಾಕುತ್ತಿದ್ದರು. ಹಳ್ಳಿಯ ಗಟಾರ ತೆಗೆಯುವಾಗ ಯಾರೂ ಹೂ ಹಾಕುವುದಿಲ್ಲ.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕ್ವಿಟ್ ಇಂಡಿಯಾ ನಿರ್ಣಯ ಆಯಿತು. ಮರುದಿನ ಬೆಳಗಾಗುವುದರೊಳಗೆ ಗಾಂಧೀಜಿ ಮತ್ತು ದೊಡ್ಡ ನಾಯಕರೆಲ್ಲ ಜೈಲಿನಲ್ಲಿದ್ದರು. ದಾರಿ ತೋರಿಸುವವರು ಯಾರೂ ಹೊರಗಿರಲಿಲ್ಲ. ಊರೂರಿನ ಕಾರ್ಯಕರ್ತರು ತಮಗೆ ತಿಳಿದ ದಾರಿ ಹಿಡಿದರು. ಮಹಾದೇವಪ್ಪನವರು ಭೂಗತರಾದರು. ಹಾವೇರಿ ಸುತ್ತಲಿನ ಹಳ್ಳಿಗಳಲ್ಲಿ ಯುವಕರ ತಂಡ ಕಟ್ಟಿದರು. ಸರ್ಕಾರದ ಆಡಳಿತ ನಡೆಯದಂತೆ ಮಾಡುವುದು ಅವರ ಉದ್ದೇಶ. ಚಾವಡಿಗಳು, ಟಪಾಲು, ರೈಲ್ವೆ ಆಸ್ತಿ, ಕಂದಾಯದ ಹಣ ಅವರ ಗುರಿಯಾದವು. ಯಾರ ಪ್ರಾಣವನ್ನೂ ತೆಗೆಯಬಾರದೆಂಬುದು ತಂಡದ ನೇಮವಾಗಿತ್ತೆಂದು ಈ ಭಾಗದ ಹಿರಿಯರು ಹೇಳುತ್ತ ಬಂದಿದ್ದಾರೆ.

1943ರ ಏಪ್ರಿಲ್ 1. ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ರೈತರಿಂದ ವಸೂಲಿ ಮಾಡಿದ ಕಂದಾಯದ ಹಣವನ್ನು ವೀರಭದ್ರ ದೇವಸ್ಥಾನದಲ್ಲಿ ಪೊಲೀಸರ ಕಾವಲಿನಲ್ಲಿ ಇಟ್ಟಿದ್ದರು. ಆ ಹಣವನ್ನು ವಶ ಮಾಡಿಕೊಳ್ಳಲು ಮಹಾದೇವಪ್ಪನವರ ತಂಡ ಅಲ್ಲಿಗೆ ನುಗ್ಗಿತು. ಪೊಲೀಸರ ಗುಂಡಿಗೆ ಮಹಾದೇವಪ್ಪನವರು ಬಿದ್ದರು. ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಇಬ್ಬರು ಸಂಗಾತಿಗಳೂ ಪ್ರಾಣ ಕಳೆದುಕೊಂಡರು. ಮಹಾದೇವಪ್ಪನವರಿಗೆ ಆಗ 32 ತುಂಬಿರಲಿಲ್ಲ. ಸ್ವಾತಂತ್ರ್ಯ ಬರಲು ಇನ್ನೂ ನಾಲ್ಕು ವರ್ಷ ಬಾಕಿ ಇತ್ತು.

ಇಲ್ಲಿ ನಮ್ಮ ತರಗತಿಯಲ್ಲಿ ಒಂದು ಚರ್ಚೆ ಎದ್ದಿತು. ಅಹಿಂಸೆಯ ಗುರುವಿನ ಹಿಂದೆ 24 ದಿನ ನಡೆದವರು ಹದಿಮೂರು ವರ್ಷದ ನಂತರ ಕಂದಾಯದ ಹಣಕ್ಕೆ ದಾಳಿ ಮಾಡಿದ್ದು ಸರಿಯೇ? ಕೆಲವರು ಸರಿ ಎಂದರು, ಕೆಲವರು ತಪ್ಪು ಎಂದರು. ನನ್ನ ವಿಚಾರ ಹೀಗಿದೆ. ಆ ದಾಳಿಯನ್ನು ಅಹಿಂಸೆ ಎಂದು ಕರೆಯಲು ಬರುವುದಿಲ್ಲ, ಮೂರು ಜೀವ ಹೋದ ಮೇಲೆ ಅದನ್ನು ಹಗುರವಾಗಿ ಹೊಗಳಲೂ ಬಾರದು. ಆದರೆ ಅದು ಒಂದು ಗಳಿಗೆಯ ಸಿಟ್ಟಿನಿಂದ ಆದದ್ದೂ ಅಲ್ಲ. ಅದರ ಹಿಂದೆ ಜೈಲು, ಆಶ್ರಮ, ಹಳ್ಳಿಯ ಕೆಲಸ, ಇಷ್ಟು ವರ್ಷಗಳ ತಾಳ್ಮೆ ಇತ್ತು. ಸ್ವಂತಕ್ಕೆ ಅದರಲ್ಲಿ ಒಂದು ಕಾಸೂ ಇರಲಿಲ್ಲ. ಇಂದು ನಮ್ಮಲ್ಲಿ ಯಾರನ್ನಾದರೂ ಯಾರಾದರೂ ಬಂದು ಕೆರಳಿಸಿ, ನೀನು ಗಂಡಸಾದರೆ ಬಾ, ಧರ್ಮಕ್ಕಾಗಿ ಬಾ, ಊರಿಗಾಗಿ ಬಾ ಎಂದು ಕರೆದರೆ ಮಹಾದೇವಪ್ಪನವರ ಹೆಸರನ್ನು ಅದಕ್ಕೆ ಬಳಸಲು ಬಿಡಬಾರದು. ಹದಿನೆಂಟರಲ್ಲಿ ಅವರು ಕಲಿತದ್ದು ನಡೆಯುವುದನ್ನು, ನೂಲುವುದನ್ನು, ದಿನಚರಿ ಬರೆಯುವುದನ್ನು. ಕಲ್ಲು ಎತ್ತುವುದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಒಂದು ವಾಟ್ಸಾಪ್ ಸಂದೇಶಕ್ಕೆ ರಕ್ತ ಬಿಸಿ ಮಾಡಿಕೊಂಡು ಬೀದಿಗಿಳಿದವನ ಮೇಲೆ ಪ್ರಕರಣ ದಾಖಲಾದರೆ ಅವನ ಓದು, ನೌಕರಿ, ತಾಯಿಯ ನಿದ್ದೆ ಎಲ್ಲ ಹೋಗುತ್ತದೆ. ಕೆರಳಿಸಿದವನು ತನ್ನ ಮನೆಯಲ್ಲಿ ಆರಾಮಾಗಿರುತ್ತಾನೆ. ಮಹಾದೇವಪ್ಪನವರು ಹಾಗೆ ದೂರ ಕೂತವರಲ್ಲ, ತಂಡದ ಮುಂದೆ ತಾವೇ ಇದ್ದರು.

ಹರೆಯದ ಸಮಸ್ಯೆಗಳು ಅವರಿಗೂ ಇದ್ದವು. ಮನೆಯ ಹೊಣೆ, ಎಳೆಯ ಮದುವೆ, ಬಡತನದ ಊರು, ಅರ್ಧ ಓದು, ಒಳಗಿನ ಕುದಿ. ಅವು ಯಾವುವೂ ತಾವಾಗಿಯೇ ಮಾಯವಾಗಲಿಲ್ಲ. ಕುದಿಯುವ ಮನಸ್ಸಿಗೆ ಅವರು ಒಂದು ಕೆಲಸ ಕೊಟ್ಟರು, ಒಳ್ಳೆಯ ಸಂಗ ಹುಡುಕಿಕೊಂಡರು, ಒಂದು ನೇಮಕ್ಕೆ ಕಟ್ಟಿಕೊಂಡರು. ಈ ಮೂರೂ ನಮ್ಮ ಕೈಯಲ್ಲಿವೆ. ಅದಕ್ಕೆ ಯಾರೂ ಗುಜರಾತಿಗೆ ಹೋಗಬೇಕಾಗಿಲ್ಲ. ಇಂಗ್ಲಿಷ್ ಕಷ್ಟವಾಗುತ್ತದೆಂದು ಕಾಲೇಜು ಬಿಡಬೇಕೆಂದಿರುವ ಗೆಳತಿಯ ಜೊತೆ ದಿನಾ ಅರ್ಧ ಗಂಟೆ ಕೂತು ಓದಬಹುದು. ಮಾರುಕಟ್ಟೆಯ ಕೆಲಸಕ್ಕೆ ಹೋಗಿ ತರಗತಿ ತಪ್ಪಿಸಿಕೊಳ್ಳುವ ಸಹಪಾಠಿಗೆ ನೋಟ್ಸ್ ಬರೆದಿಟ್ಟು ಕೊಡಬಹುದು. ಮನಸ್ಸು ತೀರ ಕೆಟ್ಟಾಗ ಅದನ್ನು ಸ್ಟೇಟಸ್‌ನಲ್ಲಿ ಹಾಕುವ ಬದಲು ದಿನಚರಿಯಲ್ಲಿ ಬರೆದು, ನಂಬಿಕೆಯ ಒಬ್ಬ ಗುರುವಿಗೋ, ಅಕ್ಕನಿಗೋ, ಆಪಾಗೋ ಹೇಳಬಹುದು.

ನಮ್ಮ ಗುರುಗಳಲ್ಲಿ ಒಂದು ಬೇಡಿಕೆ ಇದೆ. ಬರುವ ಏಪ್ರಿಲ್ 1ರಂದು ಹುತಾತ್ಮರ ದಿನಕ್ಕೆ ಆಸಕ್ತಿ ಇರುವ ವಿದ್ಯಾರ್ಥಿಗಳನ್ನು ಹೊಸರಿತ್ತಿಗೆ ಕರೆದೊಯ್ಯಬೇಕು. ಬರುವಾಗ ಮೋಟೆಬೆನ್ನೂರಿನಲ್ಲಿ ಒಂದು ಗಳಿಗೆ ಇಳಿಯೋಣ. ಹುಡುಗಿಯರೂ ಬರುವಂತೆ ಪಾಲಕರಿಗೆ ಒಂದು ಪತ್ರ ಬರೆದರೆ ಒಳ್ಳೆಯದು. ಬರೆಯಲು ಸಹಾಯ ಬೇಕಾದರೆ ನಾನು ಸಿದ್ಧಳಿದ್ದೇನೆ.

ಪರೀಕ್ಷೆ ಹತ್ತಿರ ಬಂದಿದೆ. ಎಲ್ಲರಿಗೂ ಒಳ್ಳೆಯದಾಗಲಿ. ಆಮೀನ್.